ಶಿವರಾತ್ರಿವರೆಗೂ ಬಿಸಿನೀರು: ನಮ್ಮ ಸೋಲಾರ್ ಸರಿಯಾದ ಕತೆ

ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಸೋಲಾರ್ ನೀರು ಬೆಳಗ್ಗೆ ಉಗುರುಬೆಚ್ಚಗೆ ಇರೋದು ಮಾಮೂಲು, ಏನೂ ಮಾಡಕ್ಕಾಗಲ್ಲ. ಹಾಸನದಲ್ಲಿ ಇದನ್ನು ನನಗೆ ಹೇಳದವರೇ ಇಲ್ಲ. ಹೀಟರ್ ಕೊಟ್ಟ ಅಂಗಡಿಯವರು ಹೇಳಿದರು, ಪ್ಲಂಬರ್ ಹೇಳಿದ, ನಮ್ಮ ಭಾವನವರಂತೂ ಊಟಕ್ಕೆ ಬಂದಾಗಲೆಲ್ಲ ಹೇಳಿದರು. ಈ ವರ್ಷ ಮಾಘ ಮಾಸ ಪೂರ್ತಿ ನಮ್ಮ ಮನೆಯಲ್ಲಿ ಬೆಳಗ್ಗೆ ಐದೂವರೆಗೆ ಟ್ಯಾಂಕಿನ ನೀರು 50 ಡಿಗ್ರಿ ಆಸುಪಾಸು ಇತ್ತು. ಗೀಸರ್ ಸ್ವಿಚ್ ಮುಟ್ಟಲಿಲ್ಲ. ಒಂದು ಟ್ಯೂಬನ್ನೂ ಜಾಸ್ತಿ ಹಾಕಿಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು 200 ಲೀಟರ್ ಇಟಿಸಿ, ಅಂದರೆ ನಿರ್ವಾತ ಗಾಜಿನ ಟ್ಯೂಬಿನ ಸೋಲಾರ್, 20 ಟ್ಯೂಬಿನದು, ಏಳೆಂಟು ವರ್ಷ ಹಳೆಯದು. ಕೆಳಗೊಂದು ಮನೆ, ಮೇಲೊಂದು ಮಹಡಿ, ಅದರ ಮೇಲೆ ಸೋಲಾರ್. ಬಚ್ಚಲು ಎರಡು, ಸ್ನಾನ ಮಾಡುವವರು ಐದು ಜನ. ಸಂಜೆ ಐದಕ್ಕೆ ನೋಡಿದರೆ ಟ್ಯಾಂಕಿನಲ್ಲಿ 58, ಒಳ್ಳೆಯ ಬಿಸಿಲಿದ್ದ ದಿನ 60. ಬೆಳಗ್ಗೆ ನೋಡಿದರೆ 38, 39. ಮೊದಲನೆಯವರಿಗೆ ಹೇಗೋ ಸ್ನಾನ ಆಗುತ್ತಿತ್ತು. ಮೂರನೆಯವರ ಹೊತ್ತಿಗೆ ಗೀಸರ್. ಅಮ್ಮ ದಿನಾ ಬೆಳಗ್ಗೆ, "ಹಂಡೆ ಒಲೆ ಕೀಳಿಸ್ಬೇಡ ಅಂದ್ನಲ್ಲೋ" ಅಂತ ಶುರು ಮಾಡುತ್ತಿದ್ದರು.

ಗೃಹಜ್ಯೋತಿ ಇದೆಯಲ್ಲ, ಗೀಸರ್ ಹಾಕಿಕೊಂಡರೇನು ಅಂತ ನೀವು ಕೇಳಬಹುದು. ಫ್ರೀ ಸಿಗೋದು ನಮ್ಮ ಹಳೆಯ ಸರಾಸರಿ, ಅದರ ಮೇಲೆ ಹತ್ತು ಪರ್ಸೆಂಟು. ಸೋಲಾರ್ ಇದ್ದ ಮನೆಯ ಸರಾಸರಿ ಮೊದಲೇ ಕಮ್ಮಿ. 2 ಕಿಲೋವ್ಯಾಟ್ ಕಾಯಿಲ್ ಒಂದೂವರೆ ಗಂಟೆ ಉರಿದರೆ 3 ಯೂನಿಟ್, ತಿಂಗಳಿಗೆ 90. ಅಲ್ಲಿಗೆ ಲೆಕ್ಕ ಮುಗಿಯಿತು. ಕರೆಂಟು ಮಿತವಾಗಿ ಬಳಸಿದವನಿಗೆ ಸಿಕ್ಕಿದ ಬಹುಮಾನ ಇದು.

ಮೊದಲು ದುಡ್ಡು ಕಳೆದ ಪಟ್ಟಿ ಹೇಳಿಬಿಡುತ್ತೇನೆ.

ಟ್ಯೂಬು ಹೋಗಿವೆ ಅಂದರು. ತುದಿಯ ಬೆಳ್ಳಿ ಬಣ್ಣ ಬಿಳಿಚಿಕೊಂಡವು ಎರಡೋ ಮೂರೋ ಇದ್ದವು ನಿಜ. ಮಧ್ಯಾಹ್ನ ಕೈಯಿಟ್ಟರೆ ಅವುಗಳ ಹೊರಗಾಜೇ ಬಿಸಿ. ಬದಲಾಯಿಸಿದ್ದಾಯಿತು. ಜೊತೆಗೆ ಎಲ್ಲ ಟ್ಯೂಬನ್ನೂ ಬಿಚ್ಚಿ ಕೆಳಗೆ ಕೂತ ಸುಣ್ಣ ತೊಳೆಸಿದೆ. ರಬ್ಬರ್ ರಿಂಗು, ಕೂಲಿ ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ. ಸಂಜೆಯ ನೀರು ಮೂರು ಡಿಗ್ರಿ ಏರಿತು. ಬೆಳಗಿನದು ಒಂದು ಡಿಗ್ರಿ ಏರಿತೋ ಇಲ್ಲವೋ. ಆಗಲೇ ನನಗೆ ಅನುಮಾನ ಬಂತು. ಸಂಜೆಗೆ ಸಿಕ್ಕಿದ್ದು ಬೆಳಗ್ಗೆಗೆ ಎಲ್ಲಿಗೆ ಹೋಯಿತು?

ಆಮೇಲೆ ಸ್ಟ್ಯಾಂಡ್ ಓರೆ. ನಮ್ಮ ಊರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಗೆ ನಡುಹಗಲಲ್ಲೂ ಸೂರ್ಯ 53, 54 ಡಿಗ್ರಿ ಎತ್ತರಕ್ಕಿಂತ ಮೇಲೆ ಬರಲ್ಲ. ಹಿಂದಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತಿದೆ. ಡಿಸೆಂಬರಿನಲ್ಲಿ ಒಂದೂವರೆ ಡಿಗ್ರಿ ಲಾಭ. ಫೆಬ್ರವರಿ ಮಧ್ಯಕ್ಕೆ ಸೂರ್ಯ 64ಕ್ಕೆ ಏರಿರುತ್ತಾನೆ, ಅಷ್ಟು ಹೊತ್ತಿಗೆ ಆ ಲಾಭವೂ ಇಲ್ಲ. ಇಟ್ಟಿಗೆ ತೆಗೆದೆ.

ಟ್ಯೂಬಿನ ಹಿಂದೆ ಅಲ್ಯೂಮಿನಿಯಂ ಶೀಟು ಕಟ್ಟಿದ್ದೂ ಉಂಟು. ಉರುಟು ಟ್ಯೂಬು, ಹಿಂದಿನಿಂದಲೂ ಬೆಳಕು ಹೀರಲಿ ಅಂತ. ಎರಡು ಡಿಗ್ರಿ ಬಂತು, ಸುಳ್ಳು ಹೇಳಲ್ಲ. ಆದರೆ ಎದುರು ಮನೆ ಮಹಡಿಯ ಅಜ್ಜಿ ಕಿಟಕಿ ತೆಗೆಯೋಕಾಗಲ್ಲ, ಕಣ್ಣಿಗೆ ಚುಚ್ಚುತ್ತೆ ಅಂತ ಮಗನನ್ನು ಕಳಿಸಿದರು. 1,400 ರೂಪಾಯಿ ಶೀಟು ಈಗ ಸೌದೆ ಮುಚ್ಚೋಕೆ ಆಗಿದೆ.

ಅಂಗಡಿಯವರು ಕೊನೆಗೆ ಹೇಳಿದ್ದು, 300 ಲೀಟರಿಗೆ ಹೋಗಿ ಅಂತ. ಹಳೆಯದನ್ನು ತೆಗೆದುಕೊಂಡು ಮೇಲೆ ಇಪ್ಪತ್ತೈದು ಸಾವಿರ. ಬೇಡ ಅಂದೆ.

ತಲೆಗೆ ಹೊಳೆದದ್ದು ಬಕೆಟ್ ಲೆಕ್ಕದಿಂದ. ಬಿಸಿನೀರು ಬರುವ ಮುಂಚೆ ಪೈಪಿನಲ್ಲಿ ನಿಂತ ತಣ್ಣೀರು ಬರುತ್ತದೆ, ಎಲ್ಲರ ಮನೆಯಲ್ಲೂ. ನಮ್ಮದು ಮುಕ್ಕಾಲಿಂಚಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು. ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ 15 ಮೀಟರ್ ಹಿಡಿಯಿರಿ. ಮೀಟರಿಗೆ ಕಾಲು ಲೀಟರ್. ಅಂದರೆ ಪೈಪಿನಲ್ಲಿ ಇರೋದೇ ನಾಲ್ಕು ಲೀಟರ್. ನಮ್ಮಲ್ಲಿ ಹೋಗುತ್ತಿದ್ದದ್ದು ಒಂದು ದೊಡ್ಡ ಬಕೆಟ್ ತುಂಬ, ಹದಿನೆಂಟು ಲೀಟರ್! ಉಳಿದ ಹದಿನಾಲ್ಕು ಲೀಟರ್ ಯಾವ ಪೈಪಿನಿಂದ ಬಂತು? ಪ್ಲಂಬರನ್ನು ಕೇಳಿದರೆ, "ಚಳಿಗೆ ಪೈಪು ತಣ್ಣಗಾಗಿರುತ್ತೆ ಸಾರ್" ಅಂದ.

ಅರಸೀಕೆರೆಯಲ್ಲಿ ಒಂದು ಮದುವೆ ಇತ್ತು. ಮನೆಯವರೆಲ್ಲ ಎರಡು ರಾತ್ರಿ ಹೋದರು, ನಾನು ಕೆಲಸ ಇದೆ ಅಂತ ಉಳಿದೆ. ಯಾರೂ ನೀರು ಮುಟ್ಟದ ರಾತ್ರಿಗಳು. ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ವೈರ್ ಥರ್ಮಾಮೀಟರನ್ನು ಸೋಲಾರ್ ಟ್ಯಾಂಕಿನ ಗಾಳಿ ಕೊಳವೆ, ಅಂದರೆ ಏರ್ ವೆಂಟ್ ಪೈಪಿನೊಳಗೆ ಇಳಿಬಿಟ್ಟು, ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ತಿಥಿಯ ಪಕ್ಕ ಬರೆದಿಟ್ಟೆ. ಮೊದಲ ರಾತ್ರಿ ಸೋಲಾರ್ ಒಳಹೋಗುವ, ಹೊರಬರುವ ಎರಡೂ ಗೇಟ್ ವಾಲ್ವ್ ಮುಚ್ಚಿದೆ. ಸಂಜೆ 58, ಬೆಳಗ್ಗೆ 53. ಟ್ಯಾಂಕಿನ ಸುತ್ತ ಬಿಸಿ ಹಿಡಿದಿಡುವ ಪಫ್ ಫೋಮ್ ಸರಿಯಾಗಿದೆ ಅಂತಾಯಿತು. ಎರಡನೇ ರಾತ್ರಿ ವಾಲ್ವ್ ಬಿಟ್ಟೆ. ಸಂಜೆ 59, ಬೆಳಗ್ಗೆ 46. ಒಂದು ಚೊಂಬು ನೀರೂ ಖರ್ಚಾಗಿಲ್ಲ, ಹದಿಮೂರು ಡಿಗ್ರಿ ಮಾಯ.

ಟ್ಯಾಂಕಿಗೆ ರಾತ್ರಿಯೆಲ್ಲ ತಣ್ಣೀರು ಬರುತ್ತಿತ್ತು. ಒಳಹೋಗುವ ದಾರಿಯಿಂದಲ್ಲ, ಬಿಸಿನೀರು ಕೆಳಗಿಳಿಯುವ ಪೈಪಿನಿಂದಲೇ, ಉಲ್ಟಾ.

ಇದನ್ನು ಪರೀಕ್ಷೆ ಮಾಡೋದು ಸುಲಭ. ಸೋಲಾರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಕೆಳಗೆ ಬಂದು ಬರೀ ಬಿಸಿನೀರಿನ ನಲ್ಲಿ ತಿರುಗಿಸಿ. ಒಂದಿಷ್ಟು ನೀರು ಬಂದು ನಿಲ್ಲಬೇಕು. ನಿಲ್ಲದೆ ಸುರಿಯುತ್ತಲೇ ಇದ್ದರೆ, ಅದೂ ತಣ್ಣಗೆ ಸುರಿದರೆ, ನಿಮ್ಮ ಮನೆಯಲ್ಲಿ ಎಲ್ಲೋ ತಣ್ಣೀರು ಬಿಸಿ ಲೈನಿಗೆ ದಾಟುತ್ತಿದೆ. ನಮ್ಮಲ್ಲಿ ಹತ್ತು ನಿಮಿಷ ಬಿಟ್ಟರೂ ನಿಲ್ಲಲಿಲ್ಲ. ಪ್ಲಂಬರನ್ನು ಕರೆದು ತೋರಿಸಿದೆ. ಅವನು ನಲ್ಲಿಯನ್ನೂ ನನ್ನನ್ನೂ ನೋಡಿ ಸುಮ್ನೆ ನಿಂತ.

ಬಿಸಿನೀರು, ತಣ್ಣೀರು ಬೆರೆಸಿ ಕೊಡುವ ನಲ್ಲಿಗೆ ಮಿಕ್ಸರ್ ಅನ್ನುತ್ತಾರೆ. ಒಂದೊಂದೇ ಮಿಕ್ಸರಿನ ಕೆಳಗಿನ ಆಂಗಲ್ ಕಾಕ್, ಅಂದರೆ ನೀರು ಬಂದ್ ಮಾಡುವ ಚಿಕ್ಕ ವಾಲ್ವ್, ಮುಚ್ಚುತ್ತಾ ಹೋದೆವು. ಕೆಳಗಿನ ಬಚ್ಚಲಿನ ವಾಲ್ ಮಿಕ್ಸರಿಗೆ ಬಂದಾಗ ನೀರು ನಿಂತಿತು. ಅದಕ್ಕೊಂದು ಹ್ಯಾಂಡ್ ಶವರ್, ಅದರ ಹಿಡಿಯಲ್ಲೇ ಒಂದು ಗುಂಡಿ. ಅಮ್ಮನ ಬೆರಳಿಗೆ ಮಿಕ್ಸರಿನ ತಿರುಪು ಬಿಗಿ. ಬಿಸಿ, ತಣ್ಣನೆ ಎರಡನ್ನೂ ಹದಕ್ಕೆ ತಿರುಗಿಸಿಟ್ಟು, ದಿನಾ ಶವರಿನ ಗುಂಡಿ ಮಾತ್ರ ಒತ್ತಿ ನಿಲ್ಲಿಸುತ್ತಿದ್ದರು. ಹೊರಗೆ ಒಂದು ಹನಿಯೂ ಬೀಳಲ್ಲ. ಒಳಗೆ ಮಾತ್ರ ಎರಡೂ ಲೈನು ಕೂಡಿಕೊಂಡು, ತಣ್ಣೀರಿನ ಕಂಬ ಭಾರ, ಬಿಸಿನೀರಿನ ಕಂಬ ಹಗುರ, ಭಾರದ್ದು ಹಗುರದ್ದನ್ನು ರಾತ್ರಿಯಿಡೀ ಮೇಲಕ್ಕೆ ತಳ್ಳುತ್ತದೆ. ಪಂಪಿಲ್ಲ, ಶಬ್ದ ಇಲ್ಲ. ಟ್ಯೂಬಿನಲ್ಲಿ ಹಗಲು ನೀರು ಮೇಲೇರೋದು ಯಾವ ತತ್ವವೋ ಇದೂ ಅದೇ. ಚಳಿ ಜಾಸ್ತಿಯಾದಷ್ಟೂ ತಣ್ಣೀರು ಇನ್ನೂ ಭಾರ, ಅದಕ್ಕೇ ಈ ಕಾಲದಲ್ಲಿ ಕಾಟ ಜಾಸ್ತಿ.

ಎರಡು ಕೆಲಸ ಮಾಡಿದೆ. ಒಂದು, ಮಿಕ್ಸರ್ ಕಿತ್ತು ಎರಡು ಸಾದಾ ನಲ್ಲಿ ಹಾಕಿಸಿದೆ. ಅಮ್ಮನಿಗೆ ಬೇಕಿದ್ದದ್ದು ಬಕೆಟ್ಟು, ಚೊಂಬು. ಶವರ್ ಬೇಕು ಅಂದಿದ್ದು ಮನೆ ಕಟ್ಟಿಸುವಾಗ ಇಂಜಿನಿಯರು. ಎರಡು, ಸೋಲಾರಿಗೆ ತಣ್ಣೀರು ಹೋಗುವ ಕಡೆ, ಟ್ಯಾಂಕಿನ ನೀರು ಆ ದಾರಿಯಲ್ಲಿ ವಾಪಸ್ಸು ಹೋಗದ ಹಾಗೆ ಒಂದೇ ದಿಕ್ಕಿಗೆ ನೀರು ಬಿಡುವ ವಾಲ್ವ್, ಎನ್‌ಆರ್‌ವಿ. ಮೊದಲು ಸ್ಪ್ರಿಂಗಿನದು ತಂದೆ. ನಮ್ಮ ಸಿಂಟೆಕ್ಸಿನ ಎತ್ತರಕ್ಕೆ ಅದು ಸರಿಯಾಗಿ ತೆರೆದುಕೊಳ್ಳಲೇ ಇಲ್ಲ, ಮೇಲಿನ ಬಚ್ಚಲಿನಲ್ಲಿ ನೀರು ದಾರದ ಹಾಗೆ ಬಂತು. ಹಿತ್ತಾಳೆಯ ಫ್ಲಾಪ್ ಇರುವುದನ್ನು ಹಾಕಿದ ಮೇಲೆ ಸರಿಹೋಯಿತು, ಇನ್ನೂರೋ ಮುನ್ನೂರೋ ಜಾಸ್ತಿ ಕೊಡಬೇಕು. ಎನ್‌ಆರ್‌ವಿ ಹಾಕಿದ ಮೇಲೆ ಏರ್ ವೆಂಟ್ ಮುಚ್ಚಿಕೊಂಡಿಲ್ಲ ಅಂತ ಖಂಡಿತ ನೋಡಿಕೊಳ್ಳಿ. ಕಾದ ನೀರು ಹಿಗ್ಗಿದರೆ ಅದೊಂದೇ ದಾರಿ.

ಇಷ್ಟಕ್ಕೇ ಬೆಳಗಿನ ನೀರು 45ರ ಹತ್ತಿರ ಬಂತು. ಭಾವನವರು, "ಈ ವರ್ಷ ಚಳಿ ಕಮ್ಮಿ ಕಣಯ್ಯ" ಅಂದರು. ಆ ಮಾತಿಗೇ ಮುಂದಿನದಕ್ಕೆ ಕೈ ಹಾಕಿದ್ದು.

ಸಂಜೆ ಪಾತ್ರೆಗೆ, ಕೈಕಾಲಿಗೆ, ಮಕ್ಕಳ ಸ್ನಾನಕ್ಕೆ ಅಂತ 80 ಲೀಟರ್ ಖರ್ಚಾಗುತ್ತದೆ. ಅಷ್ಟೂ ಜಾಗಕ್ಕೆ 21, 22 ಡಿಗ್ರಿಯ ತಣ್ಣೀರು ನುಗ್ಗುತ್ತದೆ. ಇಟಿಸಿ ಟ್ಯಾಂಕ್ ಮಲಗಿರುತ್ತದೆ, ಎತ್ತರ ಇಲ್ಲ. ಬಿಸಿ ಮೇಲೆ, ತಣ್ಣಗಿನದು ಕೆಳಗೆ ಅಂತ ಪದರ ನಿಲ್ಲಲ್ಲ, ಎಲ್ಲ ಕಲಸಿಹೋಗುತ್ತದೆ. ನಾನು ಮಾಡಿದ್ದು, ಸಿಂಟೆಕ್ಸಿಗೂ ಸೋಲಾರಿಗೂ ನಡುವೆ 200 ಲೀಟರಿನ ಒಂದು ಕರಿ ಡ್ರಮ್. ಸೋಲಾರ್ ಟ್ಯಾಂಕಿಗಿಂತ ಮೇಲೆ, ಸಿಂಟೆಕ್ಸ್ ನೀರಿಗಿಂತ ಕೆಳಗೆ, ಫ್ಲೋಟ್ ವಾಲ್ವ್ ಹಾಕಿ, ಬಿಸಿಲಿಗೆ. ಹಗಲೆಲ್ಲ ಸುಮ್ನೆ ಕಾಯುತ್ತಾ ಇರುತ್ತದೆ. ಸಂಜೆ ಹೊತ್ತಿಗೆ 30, 31 ಡಿಗ್ರಿ. ಸೋಲಾರ್ ಒಳಗೆ ಹೋಗೋದು ಈಗ ಆ ನೀರು.

ಎಲ್ಲರೂ ನಕ್ಕರು. ಡ್ರಮ್ಮಿನಲ್ಲಿ ಪಾಚಿ ಕಟ್ಟುತ್ತೆ ಅಂದರು. ಕರಿ ಡ್ರಮ್ಮಿಗೆ ಬೆಳಕೇ ಹೋಗಲ್ಲ, ಪಾಚಿ ಎಲ್ಲಿಂದ? ಮುಚ್ಚಳ ಬಿಗಿಯಾಗಿರಬೇಕು ಅಷ್ಟೇ. ಬೆಳಗ್ಗೆಗೆ ಮೂರರಿಂದ ನಾಲ್ಕು ಡಿಗ್ರಿ ಲಾಭ. ಕಾಗದದ ಲೆಕ್ಕವೂ ಅಷ್ಟೇ ಬರುತ್ತದೆ: ಒಂಬತ್ತು ಡಿಗ್ರಿ ಬಿಸಿ ಜಾಸ್ತಿ ಇರುವ 80 ಲೀಟರನ್ನು 200ರಲ್ಲಿ ಹಂಚಿ. ಒಂದು ಷರತ್ತು: ಸಂಜೆಯ ಬಳಕೆ ಏಳು ಗಂಟೆಯೊಳಗೆ ಮುಗಿಯಬೇಕು. ರಾತ್ರಿ ಹತ್ತಕ್ಕೆ ಪಾತ್ರೆ ತೊಳೆಯುವ ಮನೆಗೆ ಇದರಿಂದ ಅರ್ಧ ಲಾಭ ಮಾತ್ರ.

ಇನ್ನೊಂದು, ತಣ್ಣೀರು ಟ್ಯಾಂಕಿನೊಳಗೆ ರಭಸವಾಗಿ ನುಗ್ಗದ ಹಾಗೆ ಒಳಗಡೆ ತೂತಿನ ಪೈಪು ಇಳಿಸಿದ್ದೇನೆ. ತುದಿ ಬಂದ್, ತೂತೆಲ್ಲ ಕೆಳಮುಖ. ತೂತೆಷ್ಟು, ಯಾವ ಸೈಜು, ಸಾಕೆಟ್ಟಿನೊಳಗಿಂದ ಅದನ್ನು ತೂರಿಸಿದ್ದು ಹೇಗೆ ಅನ್ನೋದನ್ನು ಬರೆಯಲ್ಲ. ಕೆಲವು ಪೈಪು ಬಿಸಾಕಿ ಕಲಿತದ್ದು. ಹಾಸನಕ್ಕೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ. ಎರಡು ಡಿಗ್ರಿ ಅದರದ್ದು.

ಪೈಪಿಗೆ ನೈಟ್ರೈಲ್ ರಬ್ಬರಿನ ಕವಚವನ್ನೂ ಸುತ್ತಿದೆ, ಮೀಟರಿಗೆ ನೂರರ ಹತ್ತಿರ. ನಿಜ ಹೇಳಬೇಕು ಅಂದರೆ ರಾತ್ರಿಯಿಡೀ ನಿಂತ ನೀರಿಗೆ ಅದರಿಂದ ಏನೂ ಆಗಲ್ಲ, ಬೆಳಗ್ಗೆಗೆ ತಣ್ಣಗೇ ಆಗಿರುತ್ತದೆ. ಒಬ್ಬರ ಸ್ನಾನ ಆಗಿ ಇನ್ನೊಬ್ಬರು ಹೋಗುವ ನಡುವಿನ ಕಾಲು ಗಂಟೆಗೆ ಮಾತ್ರ ಉಪಯೋಗ. ಅದು ಬಿಸಿಲಿಗೆ ಪುಡಿಯಾಗದ ಹಾಗೆ ಮೇಲೆ ಟೇಪ್ ಸುತ್ತಬೇಕು.

ಬೋರಿನ ಪ್ರಯೋಗವೂ ಒಂದಿದೆ. ಚಳಿಗಾಲದ ಬೆಳಗ್ಗೆ ಬೋರಿನ ನೀರು ಬೆಚ್ಚಗೆ ಬರೋದು ಎಲ್ಲರಿಗೂ ಗೊತ್ತು. ನಮ್ಮದು 24. ಮಹಡಿ ಮೇಲೆ ರಾತ್ರಿ ಕಳೆದ ಹೇಮಾವತಿ ನೀರು 17, 18. ಹಾಗಾದರೆ ಬೆಳಗ್ಗೆ ಸ್ನಾನದ ಹೊತ್ತಿಗೆ ಡ್ರಮ್ ಬಿಟ್ಟು, ಆಗತಾನೇ ಎತ್ತಿದ ಬೋರಿನ ನೀರನ್ನೇ ಸೋಲಾರಿಗೆ ಕೊಟ್ಟರೆ? ಒಂದು ಬೈಪಾಸ್, ಎರಡು ಬಾಲ್ ವಾಲ್ವ್ ಹಾಕಿ ನೋಡಿದೆ. ನಾಲ್ಕನೆಯವರ, ಐದನೆಯವರ ಸ್ನಾನಕ್ಕೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಐದು ಗಂಟೆಗೆ ಮಂಜಿನಲ್ಲಿ ಮಹಡಿ ಹತ್ತಿ ವಾಲ್ವ್ ತಿರುಗಿಸಬೇಕು. ನನ್ನ ಹೆಂಡತಿ, "ಬಿಸಿನೀರಿಗೋಸ್ಕರ ಚಳಿ ಹಿಡಿಸ್ಕೊಳ್ಳೋದಾ?" ಅಂದಳು. ಗಡಸು ನೀರು ಟ್ಯೂಬಿಗೆ ಸುಣ್ಣ ಕಟ್ಟೋದು ಬೇರೆ. ಬಿಟ್ಟೆ, ವಾಲ್ವ್ ಹಾಗೇ ಇವೆ.

ಖರ್ಚು ನೆನಪಿದ್ದ ಹಾಗೆ: ಡ್ರಮ್, ಫ್ಲೋಟ್, ಅದರ ಕಬ್ಬಿಣದ ಸ್ಟ್ಯಾಂಡು ಸೇರಿ ಐದು ಸಾವಿರ. ಎನ್‌ಆರ್‌ವಿ ಎರಡೂ ಸೇರಿ ಒಂಬೈನೂರು. ನಲ್ಲಿ, ಪೈಪು, ಕವಚ ಎರಡೂವರೆ ಸಾವಿರ. ಕೂಲಿ ಎರಡು ಸಾವಿರ. ಎಲ್ಲ ಸೇರಿ ಹತ್ತೂವರೆ. ಬರೀ ಮಿಕ್ಸರ್ ಮತ್ತು ಎನ್‌ಆರ್‌ವಿ ಕೆಲಸ ಸಾಕು ಅನ್ನುವವರಿಗೆ ಎರಡು ಸಾವಿರದಲ್ಲಿ ಮುಗಿಯುತ್ತದೆ, ಲಾಭದ ಅರ್ಧಕ್ಕಿಂತ ಜಾಸ್ತಿ ಅದರಲ್ಲೇ ಇದೆ.

ಭಾವನವರು ಈಗ ನಮ್ಮನೆಗೂ ಒಂದು ಡ್ರಮ್ ಇಟ್ಟುಕೊಡು ಅನ್ನುತ್ತಿದ್ದಾರೆ. ಅವರದು ಟ್ಯೂಬಿನದಲ್ಲ, ಗಾಜು ಹೊದಿಸಿದ ಚಪ್ಪಟೆ ಪ್ಯಾನೆಲಿನ ಎಫ್‌ಪಿಸಿ. ಟ್ಯಾಂಕಿನ ತಳ ಪ್ಯಾನೆಲಿನ ತಲೆಗಿಂತ ನಾಲ್ಕು ಬೆರಳೂ ಮೇಲಿಲ್ಲ, ಒಂದಡಿಯಾದರೂ ಇರಬೇಕು. ಆಕಾಶ ಶುಭ್ರವಾಗಿದ್ದ ರಾತ್ರಿ ಪ್ಯಾನೆಲ್ ತಣ್ಣಗಾಗಿ ಟ್ಯಾಂಕಿನ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಂದು ರಾತ್ರಿ ಗಾಜಿನ ಮೇಲೆ ಹಳೆ ಕಂಬಳಿ ಹೊದಿಸಿ ನೋಡಿದೆವು, ಬೆಳಗ್ಗೆಗೆ ಮೂರು ಡಿಗ್ರಿ ಜಾಸ್ತಿ ಉಳಿದಿತ್ತು. ಮೊದಲು ಟ್ಯಾಂಕ್ ಎತ್ತರಿಸಿ, ಡ್ರಮ್ ಆಮೇಲೆ ಅಂದಿದ್ದೇನೆ. ವೆಲ್ಡರ್ ಶುಕ್ರವಾರ ಬರುತ್ತಾನಂತೆ. ಕೂಲಿ ಅವರೇ ಕೊಡುತ್ತಾರೆ.