ಗಾಯಗೊಂಡ ಮಗು ಬರುತ್ತಿದೆ: ಆಸ್ಪತ್ರೆ ಸಜ್ಜಾಗುವುದು ಹೇಗೆ?

ಪೆಟ್ಟು ತಿಂದ ಮಗುವಿನ ಬಿಪಿ ಸರಿಯಾಗಿದೆ ಎಂದ ಮಾತ್ರಕ್ಕೆ ನಿಟ್ಟುಸಿರು ಬಿಡುವಂತಿಲ್ಲ. ಮೈಯಲ್ಲಿರುವ ರಕ್ತದ ಶೇ 30ರಷ್ಟು ಸೋರಿಹೋಗುವವರೆಗೂ ಮಕ್ಕಳ ಬಿಪಿ ಕುಸಿಯದೇ ಇರಬಹುದು. ರಕ್ತನಾಳಗಳು ಬಿಗಿದುಕೊಂಡು, ಹೃದಯ ಜೋರಾಗಿ ಬಡಿದು ಹೇಗೋ ನಿಭಾಯಿಸುತ್ತಿರುತ್ತವೆ. ಆಮೇಲೆ ಒಮ್ಮೆಲೇ ಕೈಚೆಲ್ಲುತ್ತವೆ. ಹತ್ತು ಕಿಲೋ ತೂಗುವ ಮಗುವಿನಲ್ಲಿ ಇರುವುದೇ ಸುಮಾರು 800 ಮಿ.ಲೀ. ರಕ್ತ. ಮಗು ಬಂದ ಮೇಲೆ ಯೋಚಿಸುತ್ತ ಕೂರಲು ಸಮಯವಿರುವುದಿಲ್ಲ, ಯೋಚನೆಯೆಲ್ಲ ಮೊದಲೇ ಆಗಿರಬೇಕು.

ಆಂಬುಲೆನ್ಸ್ ದಾರಿಯಲ್ಲಿರುವಾಗಲೇ

ಆಂಬುಲೆನ್ಸ್‌ನಿಂದ ಕರೆ ಬಂದಾಗ ಕೇಳಿ ಬರೆದುಕೊಳ್ಳಬೇಕಾದ್ದು ಇಷ್ಟು: ವಯಸ್ಸೆಷ್ಟು, ಪೆಟ್ಟು ಬಿದ್ದದ್ದು ಹೇಗೆ, ಎಲ್ಲೆಲ್ಲಿ ಗಾಯ, ನಾಡಿ, ಉಸಿರು, ಎಚ್ಚರ ಹೇಗಿದೆ, ಈವರೆಗೆ ಏನು ಚಿಕಿತ್ಸೆ ಕೊಟ್ಟಿದ್ದಾರೆ. ಕೂಡಲೇ ತುರ್ತು ವೈದ್ಯರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ನರ್ಸ್‌ಗಳು ಒಂದೆಡೆ ಸೇರಬೇಕು. ಎಕ್ಸ್‌ರೇ ವಿಭಾಗಕ್ಕೂ ರಕ್ತನಿಧಿಗೂ ಸುದ್ದಿ ಹೋಗಬೇಕು.

ತಂಡಕ್ಕೆ ಒಬ್ಬರೇ ಮುಖ್ಯಸ್ಥರು. ಅವರು ಹಾಸಿಗೆಯ ಕಾಲ ಬಳಿ ನಿಲ್ಲಬೇಕು, ಸಾಧ್ಯವಾದಷ್ಟು ಮಗುವಿಗೆ ಕೈಹಚ್ಚಬಾರದು. ಸೂಜಿ ಚುಚ್ಚಲು ಬಗ್ಗಿದವರಿಗೆ ಉಳಿದದ್ದು ಕಾಣುವುದಿಲ್ಲ. ಉಸಿರು ನೋಡುವವರು ಯಾರು, ಔಷಧಿ ತುಂಬುವವರು ಯಾರು, ಬರೆದುಕೊಳ್ಳುವವರು ಯಾರು ಎಂದು ಹೆಸರು ಹಿಡಿದು ಹೇಳಬೇಕು. ಹೇಳಿಸಿಕೊಂಡವರು ಅದನ್ನೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಿ, ಕೆಲಸ ಮುಗಿದಾಗ ‘ಆಯಿತು’ ಅನ್ನಬೇಕು. ದುಬಾರಿ ಯಂತ್ರಗಳಿಲ್ಲದ ಆಸ್ಪತ್ರೆಯೂ ಇದನ್ನು ಮಾಡಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಇನ್ನೊಂದು, ತೂಕ. ಮಕ್ಕಳಿಗೆ ಪ್ರತಿ ಔಷಧಿಯೂ ತೂಕದ ಲೆಕ್ಕದಲ್ಲೇ. ಗಾಯಾಳುವನ್ನು ತಕ್ಕಡಿಗೆ ಏರಿಸಲಾಗುವುದಿಲ್ಲವಲ್ಲ! ಅದಕ್ಕೇ ಬ್ರೊಸ್ಲೋ ಟೇಪ್ ಇದೆ. ಮಗುವಿನ ತಲೆಯಿಂದ ಹಿಮ್ಮಡಿಯವರೆಗೆ ಹಿಡಿದರೆ, ಹಿಮ್ಮಡಿ ತಾಗುವ ಬಣ್ಣದ ಪಟ್ಟಿಯಲ್ಲಿ ಅಂದಾಜು ತೂಕ, ಔಷಧಿಯ ಪ್ರಮಾಣ, ಉಸಿರಾಟದ ಕೊಳವೆಯ ಅಳತೆ ಎಲ್ಲ ಸಿಗುತ್ತದೆ.

ಮೊದಲ ನಿಮಿಷಗಳು

ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ಒತ್ತಿ ನಿಲ್ಲಿಸಿ. ಆಮೇಲೆ ಶ್ವಾಸಮಾರ್ಗ, ಉಸಿರಾಟ, ರಕ್ತಸಂಚಾರ, ಎಚ್ಚರದ ಮಟ್ಟ, ಕೊನೆಗೆ ಬಟ್ಟೆ ತೆಗೆದು ಇಡೀ ಮೈ. ಕ್ರಮ ದೊಡ್ಡವರದ್ದೇ ಆದರೂ ದೇಹ ಬೇರೆ. ಎಳೆಯ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು; ಸಪಾಟಾಗಿ ಮಲಗಿಸಿದರೆ ಕತ್ತು ಮುಂದಕ್ಕೆ ಬಾಗಿ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಬೆನ್ನಿನ ಕೆಳಗೆ ಮಡಿಸಿದ ಬಟ್ಟೆ ಇಡಬೇಕು. ಪಕ್ಕೆಲುಬು ಬಳುಕುವುದರಿಂದ, ಮೂಳೆ ಮುರಿಯದೆಯೂ ಒಳಗೆ ಶ್ವಾಸಕೋಶ ಜಜ್ಜಿಹೋಗಿರಬಹುದು. ನಾಡಿಯ ವೇಗ, ತಣ್ಣಗಿನ ಕೈಕಾಲು, ಒತ್ತಿ ಬಿಟ್ಟ ಚರ್ಮಕ್ಕೆ ಎರಡು ಸೆಕೆಂಡ್ ಕಳೆದರೂ ಬಣ್ಣ ಮರಳದಿರುವುದು, ಇವುಗಳನ್ನು ಬಿಪಿಗಿಂತ ಮೊದಲು ನಂಬಬೇಕು. ದ್ರವ, ಔಷಧಿ ಕೊಡಲು ರಕ್ತನಾಳ ಸಿಗದಿದ್ದರೆ ಹುಡುಕುತ್ತ ಕೂರದೆ ಮೊಣಕಾಲಿನ ಕೆಳಗಿನ ಮೂಳೆಗೇ ಸೂಜಿ ಹಾಕಬಹುದು. ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ, ನೋಡಿದ ತಕ್ಷಣ ಹೊದಿಸಿ.

ಸ್ಕ್ಯಾನ್ ಬೇಕೇ?

ತಲೆಗೆ ಪೆಟ್ಟಾದವರಿಗೆಲ್ಲ ಸಿಟಿ ಸ್ಕ್ಯಾನ್ ಬೇಕಿಲ್ಲ. ಅಮೆರಿಕದಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಪೆಕಾರ್ನ್ ಅಧ್ಯಯನ, ಯಾರಿಗೆ ಅದನ್ನು ನಿಶ್ಚಿಂತೆಯಿಂದ ಬಿಡಬಹುದು ಎಂಬುದಕ್ಕೆ ಸೂತ್ರ ಕೊಟ್ಟಿದೆ. ಇನ್ನು ಹೊಟ್ಟೆಗೆ ಪೆಟ್ಟಾಗಿ ಗುಲ್ಮ (ಎಡ ಪಕ್ಕೆಲುಬುಗಳ ಕೆಳಗಿರುವ ಅಂಗ) ಸೀಳಿದ್ದರೂ ಬಹುಪಾಲು ಮಕ್ಕಳು ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಗುತ್ತಾರೆ. ಆದರೆ ಕತ್ತರಿ ಹಿಡಿಯದಿರುವ ತೀರ್ಮಾನಕ್ಕೂ ಶಸ್ತ್ರಚಿಕಿತ್ಸಕರು ಪಕ್ಕದಲ್ಲೇ ಇರಬೇಕು.

ಸಣ್ಣ ಆಸ್ಪತ್ರೆಯಾದರೆ

1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ಓಡಿಸುತ್ತಿದ್ದ ಪುಟ್ಟ ವಿಮಾನ ಅಪಘಾತಕ್ಕೀಡಾಯಿತು. ಹೆಂಡತಿ ತೀರಿಕೊಂಡರು, ಮಕ್ಕಳು ಗಾಯಗೊಂಡರು. ಮೊದಲ ಆಸ್ಪತ್ರೆಯಲ್ಲಿ ಸಿಕ್ಕ ಆರೈಕೆ ಕಂಡು ಅವರು ನೊಂದರು. ಆ ನೋವಿನಿಂದ ಹುಟ್ಟಿದ್ದೇ ಈಗ ಜಗತ್ತಿನಾದ್ಯಂತ ವೈದ್ಯರು ಕಲಿಯುವ, ಗಾಯಾಳುಗಳ ತುರ್ತು ಚಿಕಿತ್ಸೆಯ ಎಟಿಎಲ್‌ಎಸ್ ತರಬೇತಿ. ಮೊದಲ ತರಗತಿ ನಡೆದದ್ದು 1978ರಲ್ಲಿ. ಅದು ಕಲಿಸುವುದು ಇದನ್ನು: ಪ್ರಾಣಕ್ಕೆ ಕುತ್ತು ತರುವುದನ್ನು ಮೊದಲು ಸರಿಪಡಿಸಿ, ನಿಮ್ಮಿಂದಾಗದ್ದಕ್ಕೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ. ತೀರ್ಮಾನವನ್ನು ಬದಲಿಸದ ಪರೀಕ್ಷೆಗಳಿಗಾಗಿ ಮಗುವನ್ನು ಕಾಯಿಸಬೇಡಿ.

ಅಪ್ಪ ಅಮ್ಮ, ಮತ್ತು ಹದಿಹರೆಯದವರು

ಹೆತ್ತವರನ್ನು ಬಾಗಿಲಾಚೆ ನಿಲ್ಲಿಸುವುದು ಬೇಡ. ಅವರ ಪಕ್ಕದಲ್ಲಿ ನಿಂತು, ನಡೆಯುತ್ತಿರುವುದನ್ನು ತಿಳಿಸಲೆಂದೇ ಒಬ್ಬ ಸಿಬ್ಬಂದಿ ಇರಲಿ. ಮಗುವಿನ ನೋವಿಗೆ ಔಷಧಿ ಕೊಡಲು ಹಿಂಜರಿಯಬಾರದು. ನಾಳ ಸಿಗುವ ಮೊದಲೇ ಮೂಗಿನ ಮೂಲಕ ಫೆಂಟನಿಲ್ ಎಂಬ ನೋವುನಿವಾರಕ ಕೊಡಬಹುದು.

ಹದಿನೈದರ ಹುಡುಗ ಅಥವಾ ಹುಡುಗಿ ನೋಡಲು ದೊಡ್ಡವರಂತಿದ್ದರೂ ಹೆದರುವುದು ಮಕ್ಕಳಂತೆಯೇ. ಪ್ರಾಣಾಪಾಯ ಕಳೆದ ಮೇಲೆ ಅವರೊಡನೆ ಒಂಟಿಯಾಗಿ ಮಾತನಾಡಬೇಕು. ಮದ್ಯ, ಹೊಡೆದಾಟ, ತಮಗೆ ತಾವೇ ಹಾನಿ ಮಾಡಿಕೊಂಡದ್ದು ಹೆತ್ತವರೆದುರು ಬಾಯಿಗೆ ಬಾರದು. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಬಾಸುಂಡೆ ಕಂಡರೆ, ಹೇಳಿದ ಕಥೆಗೂ ಗಾಯಕ್ಕೂ ತಾಳೆಯಾಗದಿದ್ದರೆ, ಹೇಳಿದ ಮಾತನ್ನು ಹಾಗೆಯೇ ಬರೆದಿಟ್ಟು ಮಕ್ಕಳ ರಕ್ಷಣಾ ವ್ಯವಸ್ಥೆಗೆ ತಿಳಿಸಬೇಕು.

ಮರುದಿನ

ಗದ್ದಲದಲ್ಲಿ ಮುರಿದ ಬೆರಳು ಕಣ್ತಪ್ಪಿರಬಹುದು. 24 ಗಂಟೆಯೊಳಗೆ ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ಪರೀಕ್ಷಿಸಬೇಕು. ವ್ಯಾಯಾಮ ಚಿಕಿತ್ಸೆ ವಾರ್ಡಿನಲ್ಲೇ ಶುರುವಾಗಲಿ. ಶಾಲೆಗೆ ಯಾವಾಗ, ಆಟಕ್ಕೆ ಯಾವಾಗ ಎಂಬುದನ್ನು ಬಿಡುಗಡೆ ಪತ್ರದಲ್ಲಿ ಬರೆದು ಕೊಡಬೇಕು. ತಿಂಗಳು ಕಳೆದರೂ ಮಗು ಬೆಚ್ಚಿ ಏಳುತ್ತಿದ್ದರೆ, ಆ ಜಾಗದ ಹೆಸರೆತ್ತಿದರೆ ಮಂಕಾಗುತ್ತಿದ್ದರೆ ಮಕ್ಕಳ ಮನೋವೈದ್ಯರಿಗೆ ತೋರಿಸಬೇಕೆಂದು ಅದರಲ್ಲೇ ಸೇರಿಸಿ, ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ನಮೂದಿಸಿ.