ಮೂರೇ ಅಕ್ಷರದ ಕೋಡ್, ತಲೆನೋವು ಮಾತ್ರ ಜಾಸ್ತಿ

ಕೋಡಿಂಗ್ ಕೆಲಸ ಅಂದರೆ ದಾವಣಗೆರೆಯಲ್ಲಿ ಈಗಲೂ ಎಲ್ಲರೂ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ನಾನು ಓದಿದ್ದು ಬಿ.ಫಾರ್ಮಾ, ಮಾಡೋದು ಮೆಡಿಕಲ್ ಕೋಡಿಂಗ್. ವಿದ್ಯಾನಗರದ ಮನೆಯ ಮೇಲಿನ ರೂಮಿನಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್ ಓದುತ್ತೇನೆ. ಡಾಕ್ಟರ್ ಬರೆದಿದ್ದನ್ನು ಐಸಿಡಿ-10-ಸಿಎಂ, ಅಂದರೆ ಕಾಯಿಲೆಗಳಿಗೆ ಅಮೆರಿಕದಲ್ಲಿ ಬಳಸುವ ಕೋಡಿಗೆ ಇಳಿಸುತ್ತೇನೆ. ಅಷ್ಟೇ ಕೆಲಸ. ಆ ಕೋಡ್ ನೋಡಿಯೇ ಅಲ್ಲಿ ಇನ್ಶೂರೆನ್ಸ್ ದುಡ್ಡು ಓಡಾಡುತ್ತದೆ.

ಯೂರಾಲಜಿ, ಅಂದರೆ ಮೂತ್ರಾಂಗದ ಕಾಯಿಲೆಗಳ ಚಾರ್ಟ್ ಕೊಟ್ಟಾಗ ಖುಷಿಯಾಗಿತ್ತು. ಸ್ತನ ಕ್ಯಾನ್ಸರ್ ಆದರೆ ಎಡವಾ, ಬಲವಾ, ಯಾವ ಭಾಗ, ಹೆಣ್ಣಾ ಗಂಡಾ ಅಂತ ಆರು ಅಕ್ಷರದವರೆಗೆ ಹುಡುಕಬೇಕು. ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರೋ ಗ್ರಂಥಿ, ಅದರ ಕ್ಯಾನ್ಸರಿಗೆ ಬರೀ ಸಿ61. ಮುಂದೆ ಚುಕ್ಕಿಯೂ ಇಲ್ಲ. ಇದರಲ್ಲಿ ತಪ್ಪೋಕೆ ಏನಿದೆ ಅಂದುಕೊಂಡಿದ್ದೆ. ನಾವು ಹಾಕಿದ ಕೋಡನ್ನು ಮತ್ತೆ ಪರೀಕ್ಷಿಸೋ ಮೊದಲ ತಿಂಗಳ ಆಡಿಟ್‌ನಲ್ಲೇ ಮುಖಕ್ಕೆ ಹೊಡೆದ ಹಾಗಾಯಿತು.

ಆ ಚಾರ್ಟ್ ಈಗಲೂ ನೆನಪಿದೆ. ಎಂಟು ವರ್ಷದ ಹಿಂದೆ ಆಪರೇಷನ್ ಮಾಡಿ ಪ್ರಾಸ್ಟೇಟ್ ಪೂರ್ತಿ ತೆಗೆದಿದ್ದಾರೆ, ಆಮೇಲೆ ಯಾವ ಔಷಧವೂ ಇಲ್ಲ, ಪಿಎಸ್‌ಎ (ರಕ್ತದಲ್ಲಿ ಅಳೆಯೋ ಪ್ರಾಸ್ಟೇಟಿನ ಪ್ರೋಟೀನ್) ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಆದರೆ ಪ್ರಾಬ್ಲಂ ಲಿಸ್ಟಿನಲ್ಲಿ ಮಾತ್ರ ‘ಪ್ರಾಸ್ಟೇಟ್ ಕ್ಯಾನ್ಸರ್’ ಅಂತ ಹಾಗೇ ಕೂತಿದೆ. ನಾನು ಸುಮ್ನೆ ಸಿ61 ಹಾಕಿದೆ. ಸರಿಯಾದದ್ದು ಝಡ್85.46, ಅಂದರೆ ಹಿಂದೆ ಇತ್ತು, ಈಗ ಇಲ್ಲ. ಇಲ್ಲದ ಕ್ಯಾನ್ಸರನ್ನು ರೋಗಿಗೆ ಮತ್ತೆ ಅಂಟಿಸಿದ್ದೆ.

ಈ ಪೆಟ್ಟು ತಿಂದ ಮೇಲೆ ಅತಿ ಬುದ್ಧಿವಂತನಾದೆ. ‘ಹಿಸ್ಟರಿ ಆಫ್’ ಅನ್ನೋ ಪದ ಕಂಡರೆ ಸಾಕು, ಝಡ್85.46. ಅದೂ ತಪ್ಪು! ಡಾಕ್ಟರುಗಳಿಗೆ ಹಿಸ್ಟರಿ ಅಂದರೆ ‘ಮೊದಲಿಂದ ಇದೆ’ ಅಂತಲೂ ಆಗುತ್ತದೆ. ನಾನು ಹಾಗೆ ಝಡ್ ಹಾಕಿದ ಒಂದು ನೋಟಿನ ಕೆಳಗೆ ಔಷಧದ ಪಟ್ಟಿಯಲ್ಲಿ ಲ್ಯೂಪ್ರೊಲೈಡ್ ಇಂಜೆಕ್ಷನ್, ಆರು ತಿಂಗಳಿಗೊಂದು ಅಂತ ಇತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯೋದಕ್ಕೆ ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನ್ ಬೇಕು, ಈ ಇಂಜೆಕ್ಷನ್ ಅದನ್ನೇ ಕೆಳಗಿಳಿಸುತ್ತದೆ. ಕ್ಯಾನ್ಸರಿಗೆ ಅಂತಲೇ ಇದನ್ನು ಕೊಡುತ್ತಿದ್ದಾರೆ ಅಂದರೆ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದೆ ಅಂತ ತಾನೇ? ಹಾಗಾಗಿ ಸಿ61. ಬಿ.ಫಾರ್ಮಾ ಓದಿದ್ದು ಅವತ್ತು ಸಾರ್ಥಕ ಅನ್ನಿಸಬೇಕಿತ್ತು, ಆದರೆ ನಾನು ಆ ಪಟ್ಟಿಯವರೆಗೆ ಹೋಗಿಯೇ ಇರಲಿಲ್ಲ.

ಹಾಗಂತ ಔಷಧ ಇದ್ದರೆ ಸಿ61, ಇಲ್ಲದಿದ್ದರೆ ಝಡ್ ಅಂತ ಸೂತ್ರ ಮಾಡಿಕೊಳ್ಳೋಕೂ ಆಗಲ್ಲ. ಬಯಾಪ್ಸಿಯಲ್ಲಿ ಗ್ಲೀಸನ್ 6, ಅಂದರೆ ನಿಧಾನವಾಗಿ ಬೆಳೆಯೋ ಕ್ಯಾನ್ಸರ್ ಅಂತ ಬಂದವರಿಗೆ ಎಷ್ಟೋ ಸಲ ಏನೂ ಮಾಡುವುದಿಲ್ಲ. ಆಗಾಗ ಪಿಎಸ್‌ಎ, ಬೇಕಾದರೆ ಮತ್ತೆ ಬಯಾಪ್ಸಿ, ಅಷ್ಟೇ. ಆಕ್ಟಿವ್ ಸರ್ವೇಲೆನ್ಸ್ ಅನ್ನುತ್ತಾರೆ. ಮಾತ್ರೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ, ಆದರೆ ಕ್ಯಾನ್ಸರ್ ಒಳಗೇ ಇದೆ. ಅದು ಸಿ61. ನಾನೀಗ ಮೊದಲು ಕೇಳಿಕೊಳ್ಳೋದು ಒಂದೇ: ಗಡ್ಡೆ ಮೈಯಲ್ಲಿ ಇನ್ನೂ ಇದೆಯಾ, ಅಥವಾ ಅದಕ್ಕೆ ಚಿಕಿತ್ಸೆ ನಡೀತಿದೆಯಾ? ನೋಟ್ ಓದಿ ಉತ್ತರ ಸಿಗದಿದ್ದರೆ ಡಾಕ್ಟರಿಗೆ ಕ್ವೆರಿ. ಊಹೆ ಮಾಡೋದು ನಮ್ಮ ಕೆಲಸ ಅಲ್ಲ.

ಮೂಳೆಗೆ ಹರಡಿದಾಗ ಹೊಸಬರು ಎಡವುತ್ತಾರೆ. ಮೂಳೆ ಕ್ಯಾನ್ಸರ್ ಅಂತ ಸಿ41 ಹುಡುಕುತ್ತಾರೆ. ಅದು ಮೂಳೆಯಲ್ಲೇ ಹುಟ್ಟಿದ್ದಕ್ಕೆ. ಪ್ರಾಸ್ಟೇಟಿನಿಂದ ಹೋಗಿದ್ದಕ್ಕೆ ಸಿ79.51. ಜೊತೆಗೆ ಹಾರ್ಮೋನ್ ಚಿಕಿತ್ಸೆಗೆ ಕಾಯಿಲೆ ಬಗ್ಗುತ್ತಿದೆ ಅಂತ ಡಾಕ್ಟರ್ ಬರೆದಿದ್ದರೆ ಝಡ್19.1, ಬಗ್ಗುತ್ತಿಲ್ಲ ಅಂದರೆ ಝಡ್19.2. ಸಿ61ರ ಕೆಳಗೆ ಪುಸ್ತಕದಲ್ಲೇ ಈ ಸೂಚನೆ ಇದೆ, ಯಾರೂ ಓದಲ್ಲ.

ಪುಸ್ತಕ ಅಂದೆ ನೋಡಿ, ಅದು ಪ್ರತಿ ಅಕ್ಟೋಬರ್ 1ಕ್ಕೆ ಬದಲಾಗುತ್ತದೆ. ಪಿಎಸ್‌ಎ ಜಾಸ್ತಿ ಅನ್ನೋದಕ್ಕೆ ಮೊದಲು ಆರ್97.2 ಒಂದೇ ಇತ್ತು, 2016ರ ಅಕ್ಟೋಬರಿನಲ್ಲಿ ಎರಡು ಮಾಡಿದರು. ಸುಮ್ಮನೆ ಏರಿದ್ದರೆ ಆರ್97.20, ಕ್ಯಾನ್ಸರ್ ಚಿಕಿತ್ಸೆ ಆದ ಮೇಲೆ ಏರುತ್ತಿದ್ದರೆ ಆರ್97.21. ಎಷ್ಟೋ ವರ್ಷ ದಸರಾ ಸಮಯಕ್ಕೇ ಹೊಸ ಪುಸ್ತಕ ಬರುತ್ತದೆ. ನಮ್ಮಮ್ಮ ಆಯುಧಪೂಜೆಗೆ ಲ್ಯಾಪ್‌ಟಾಪ್ ಜೊತೆ ಅದಕ್ಕೂ ಕುಂಕುಮ ಹಚ್ಚುತ್ತಾರೆ. ಸಿ ಚಾಪ್ಟರಿನ ಮೇಲೆ ಒಂದು ಕೆಂಪು ಕಲೆ ಇದೆ.

ಆರ್97.20ರ ಬೆಲೆ ನನಗೆ ಗೊತ್ತಾಗಿದ್ದು ಆಫೀಸಿನಿಂದಲ್ಲ, ಹೊಳಲ್ಕೆರೆಯ ನಮ್ಮ ಮಾವನಿಂದ. ಪಿಎಸ್‌ಎ 9 ಬಂದಿತ್ತು. ‘ನೀನು ಕ್ಯಾನ್ಸರಿಗೇ ನಂಬರ್ ಹಾಕೋನಲ್ವಾ, ನಂದು ಹೇಳಿಬಿಡು’ ಅಂತ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದುಬಿಟ್ಟರು. ಚೀಟಿಯಲ್ಲಿ ‘ಕ್ಯಾನ್ಸರ್ ಅನುಮಾನ’ ಅಂತ ಬರೆದಿತ್ತು. ಅಮೆರಿಕದ ನಿಯಮದಲ್ಲಿ ಹೊರರೋಗಿಗೆ ಅನುಮಾನವನ್ನು ಕಾಯಿಲೆ ಅಂತ ಕೋಡ್ ಮಾಡುವ ಹಾಗಿಲ್ಲ, ಕಂಡಿದ್ದನ್ನಷ್ಟೇ ಬರೆಯಬೇಕು. ಅಡ್ಮಿಟ್ ಆಗಿ ಡಿಸ್ಚಾರ್ಜ್ ಆಗುವಾಗಲೂ ಅನುಮಾನ ಹಾಗೇ ಉಳಿದಿದ್ದರೆ ಮಾತ್ರ ಬೇರೆ. ಪ್ರಾಸ್ಟೇಟ್ ಗ್ರಂಥಿ ಸುಮ್ಮನೆ ದೊಡ್ಡದಾದರೂ, ಸೋಂಕಾದರೂ ಪಿಎಸ್‌ಎ ಏರುತ್ತದೆ. ಮಾವನಿಗೆ ಇದನ್ನೇ ಹೇಳಿದೆ: ನಿಮ್ಮ ಹತ್ತಿರ ಈಗ ಇರೋದು ಒಂದು ನಂಬರ್ ಮಾತ್ರ, ಕಾಯಿಲೆ ಅಲ್ಲ, ಡಾಕ್ಟರ್ ಹೇಳಿದ ಬಯಾಪ್ಸಿ ಮಾತ್ರ ತಪ್ಪಿಸಬೇಡಿ. ಅವರು ನಂಬಿದ ಹಾಗೆ ಕಾಣಲಿಲ್ಲ. ಬೆಣ್ಣೆ ದೋಸೆ ಕೂಡ ಅರ್ಧ ಬಿಟ್ಟರು.

ಹನ್ನೆರಡು ತುಣುಕು ತೆಗೆದರು. ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ, ವಯಸ್ಸಿಗೆ ದಪ್ಪವಾದ ಪ್ರಾಸ್ಟೇಟ್ ಅಷ್ಟೇ. ರಿಪೋರ್ಟ್ ಹಿಡಿದು ಮತ್ತೆ ಬಂದರು.

‘ಈಗ ಹೇಳು, ನನ್ನ ನಂಬರ್ ಏನು?’

‘ಎನ್40.1. ದಪ್ಪವಾದ ಪ್ರಾಸ್ಟೇಟ್, ಜೊತೆಗೆ ಮೂತ್ರದ ತೊಂದರೆ. ರಾತ್ರಿ ಎಷ್ಟು ಸಲ ಏಳ್ತೀರಿ?’

‘ನಾಲ್ಕು.’

‘ಹಾಗಾದರೆ ಆರ್35.1 ಕೂಡ.’

‘ಉಚ್ಚೆಗೆ ಏಳೋಕೂ ನಂಬರ್ ಇಟ್ಟಿದ್ದಾರೇನೋ?’ ಅಂತ ನಕ್ಕವರು, ಅವತ್ತು ಎರಡು ದೋಸೆ ತಿಂದರು.