ಮೈಸೂರು ನೋಡಲು ಹೊರಟವರಿಗೆ ಕೈಗೆಟುಕುವ ಕ್ಯಾಮೆರಾ ಲೆನ್ಸ್‌ಗಳು

ಕ್ಯಾಮೆರಾದ ಜೊತೆಗೇ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ನಿಮ್ಮಲ್ಲಿದೆ, ಮೈಸೂರಿನಂತಹ ಊರನ್ನು ಎರಡು ದಿನ ನಡೆದು ನೋಡುವ ಯೋಚನೆಯಿದೆ, ಇನ್ನೊಂದು ಲೆನ್ಸಿಗಾಗುವಷ್ಟು ಹಣವನ್ನೂ ಎತ್ತಿಟ್ಟಿದ್ದೀರಿ ಎಂದಿಟ್ಟುಕೊಳ್ಳೋಣ. ಹೀಗಿರುವವರು ಮೊದಲು ವಿಚಾರಿಸಬೇಕಾದದ್ದು ತಾವು ಹೋಗಲಿರುವ ಸ್ಥಳಗಳನ್ನು. ಅಲ್ಲಿ ಎಷ್ಟು ಹಿಂದೆ ಸರಿಯಲು ಜಾಗವಿದೆ, ಎಷ್ಟು ಬೆಳಕಿದೆ ಎಂಬ ಎರಡು ಸಂಗತಿಗಳು ತಿಳಿದರೆ ಯಾವ ಲೆನ್ಸ್ ಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಇಲ್ಲಿನ ಲೆಕ್ಕಗಳೆಲ್ಲ ನಮ್ಮಲ್ಲಿ ಹೆಚ್ಚಿನವರ ಬಳಿಯಿರುವ, ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ (ಚಿತ್ರ ಮೂಡುವ ಫಲಕದ) ಕ್ಯಾಮೆರಾಗಳಿಗೆ ಸಂಬಂಧಿಸಿದವು.

ಕೊಳ್ಳುವ ಮುನ್ನ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಿ ನೋಡಿ. ಹಿಂದಿನ ಪ್ರವಾಸಗಳಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ನಿಮಗೆ ನಿಜವಾಗಿಯೂ ಮೆಚ್ಚುಗೆಯಾದವುಗಳನ್ನು ಯಾವ ಫೋಕಲ್ ಲೆಂತ್‌ನಲ್ಲಿ (ಲೆನ್ಸಿನ ಮೇಲಿನ ಮಿ.ಮೀ. ಸಂಖ್ಯೆ; ಅದು ಕಡಿಮೆಯಾದಷ್ಟೂ ನೋಟ ಅಗಲ) ತೆಗೆದಿದ್ದೀರಿ ಎಂಬುದನ್ನು ಗಮನಿಸಿ. ಆ ವಿವರ ಪ್ರತಿಯೊಂದು ಫೈಲಿನೊಳಗೂ ದಾಖಲಾಗಿರುತ್ತದೆ. ಹೆಚ್ಚಿನವು 18ರಲ್ಲಿಯೇ ಇದ್ದು, ಚೌಕಟ್ಟಿನೊಳಗೆ ಕಟ್ಟಡ ಹಿಡಿಸದೆ ತುದಿ ಕತ್ತರಿಸಿಹೋಗಿದ್ದರೆ ನಿಮಗೆ ವೈಡ್ ಲೆನ್ಸ್ ಬೇಕಾಗಬಹುದು. 30ರಿಂದ 40ರ ನಡುವಿನವೇ ಹೆಚ್ಚಾಗಿದ್ದು, ಸಂಜೆಯ ಚಿತ್ರಗಳೆಲ್ಲ ಅಲುಗಾಡಿದಂತಿದ್ದರೆ ಕೊರತೆಯಿರುವುದು ಬೆಳಕಿನದು.

ಜಾಗದ ಲೆಕ್ಕ ಸರಳವಾಗಿದೆ. ಎಪಿಎಸ್-ಸಿ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ., ಕ್ಯಾನನ್ ಕ್ಯಾಮೆರಾಗಳಲ್ಲಿ ಅದಕ್ಕಿಂತ ತುಸು ಕಡಿಮೆ. ಇದನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ವಸ್ತುವಿಗೂ ನಿಮಗೂ ಇರುವ ದೂರದಿಂದ ಗುಣಿಸಿದರೆ ಚೌಕಟ್ಟಿನಲ್ಲಿ ಹಿಡಿಸುವ ಅಗಲ ದೊರೆಯುತ್ತದೆ. ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದ, 1912ರಲ್ಲಿ ಪೂರ್ಣಗೊಂಡ ಅಂಬಾವಿಲಾಸ ಅರಮನೆಯ ಮುಂಭಾಗ ಸುಮಾರು 245 ಅಡಿ, ಅಂದರೆ 75 ಮೀಟರಿನಷ್ಟು ಅಗಲವಾಗಿದೆ. 18 ಮಿ.ಮೀ.ನಲ್ಲಿ ಅದು ಪೂರ್ತಿಯಾಗಿ ಹಿಡಿಸಲು 60 ಮೀಟರಿಗೂ ಕಡಿಮೆ ದೂರ ಸಾಕು, 50 ಮಿ.ಮೀ. ಲೆನ್ಸಿಗಾದರೆ ಸುಮಾರು 160 ಮೀಟರ್ ಹಿಂದೆ ಸರಿಯಬೇಕಾಗುತ್ತದೆ. ಅರಮನೆಯ ಮುಂದೆ ವಿಶಾಲವಾದ ಅಂಗಳವಿರುವುದರಿಂದ ಅದರ ಹಗಲಿನ ಚಿತ್ರಕ್ಕೆ ಕಿಟ್ ಲೆನ್ಸೇ ಸಾಕು, ಹೊಸದೇನೂ ಬೇಕಿಲ್ಲ.

ಸೇಂಟ್ ಫಿಲೋಮಿನಾ ಚರ್ಚಿನ ಮುಂದೆ ನಿಂತಾಗ ಮಾತ್ರ ಸ್ಥಿತಿ ಬೇರೆಯಾಗುತ್ತದೆ. ಅದರ ಅವಳಿ ಗೋಪುರಗಳು 175 ಅಡಿ, ಅಂದರೆ ಸುಮಾರು 53 ಮೀಟರ್ ಎತ್ತರವಾಗಿವೆ. ಕ್ಯಾಮೆರಾವನ್ನು ಮೇಲಕ್ಕೆತ್ತಿ ಹಿಡಿದರೆ ಗೋಪುರಗಳು ಹಿಂದಕ್ಕೆ ವಾಲಿ ಒಂದರ ಕಡೆಗೊಂದು ಬಾಗಿದಂತೆ ಕಾಣುತ್ತವೆ. ಹಾಗಾಗದಂತೆ ಕ್ಯಾಮೆರಾವನ್ನು ನೆಲಕ್ಕೆ ಸಮಾನಾಂತರವಾಗಿ, ಲಂಬ ಚೌಕಟ್ಟಿನಲ್ಲಿ ಹಿಡಿದರೆ ಚೌಕಟ್ಟಿನ ಮೇಲಿನ ಅರ್ಧ ಮಾತ್ರ ಕಟ್ಟಡಕ್ಕೆ ಒದಗುತ್ತದೆ. ಆಗ 18 ಮಿ.ಮೀ.ನಲ್ಲಿ ಸುಮಾರು 80 ಮೀಟರ್ ದೂರ ಬೇಕು, 10 ಮಿ.ಮೀ.ನಲ್ಲಿ 45 ಮೀಟರ್ ಸಾಕು. ನಗರದ ನಡುವೆ 80 ಮೀಟರ್ ಹಿಂದೆ ಸರಿದರೆ ಮರದ ಕೊಂಬೆಯೋ ವಿದ್ಯುತ್ ತಂತಿಯೋ ವಾಹನವೋ ಅಡ್ಡ ಬರುವುದೇ ಹೆಚ್ಚು. ಅಲ್ಟ್ರಾವೈಡ್ ಲೆನ್ಸಿನ ನಿಜವಾದ ಬೆಲೆ ತಿಳಿಯುವುದು ಇಂತಹ ಕಡೆಯಲ್ಲೇ.

ಈ ವರ್ಗದಲ್ಲಿ ಮಿತವ್ಯಯದ ಎರಡು ಲೆನ್ಸ್‌ಗಳನ್ನು ಧಾರಾಳವಾಗಿ ಶಿಫಾರಸು ಮಾಡಬಹುದು. ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇರುವವರಿಗೆ ಇಎಫ್-ಎಸ್ 10-18 ಮಿ.ಮೀ., ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಎಎಫ್-ಪಿ ಡಿಎಕ್ಸ್ 10-20 ಮಿ.ಮೀ.; ಎರಡೂ ಕಾಲು ಕಿಲೋಗ್ರಾಮಿಗಿಂತ ಕಡಿಮೆ ತೂಗುತ್ತವೆ, ಎರಡರಲ್ಲಿಯೂ ಕೈನಡುಕವನ್ನು ತಗ್ಗಿಸುವ ಸ್ಥಿರೀಕರಣವಿದೆ. ಆದರೂ ಒಂದೆರಡು ಕಟ್ಟಡಗಳಿಗಾಗಿ ಮಾತ್ರ ಬೇಕಾಗಿದ್ದರೆ ಇವನ್ನು ಕೊಳ್ಳುವುದಕ್ಕಿಂತ ದಿನದ ಬಾಡಿಗೆಗೆ ತರುವುದು ಜಾಣತನವೆಂಬುದು ನನ್ನ ಅಭಿಪ್ರಾಯ. ಅದೂ ಬೇಡವೆನ್ನುವವರು ಕಿಟ್ ಲೆನ್ಸಿನಲ್ಲಿಯೇ ಕೆಳಗಿನಿಂದ ಮೇಲಕ್ಕೆ ಮೂರು ನಾಲ್ಕು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಕಟ್ಟಡ ಕದಲುವುದಿಲ್ಲವಾದ್ದರಿಂದ ಈ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಾಂಗಣಕ್ಕೆಂದೇ ವೈಡ್ ಲೆನ್ಸ್ ಕೊಳ್ಳುವವರು ಅಲ್ಲಿ ಛಾಯಾಗ್ರಹಣಕ್ಕೆ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ನನ್ನ ದೃಷ್ಟಿಯಲ್ಲಿ ಹಣ ಮೊದಲು ಸಲ್ಲಬೇಕಾದದ್ದು ಎಫ್/1.8 ಅಪರ್ಚರಿನ ಒಂದು ಚಿಕ್ಕ ಪ್ರೈಮ್ ಲೆನ್ಸಿಗೆ, ಅಂದರೆ ಜೂಮ್ ಇಲ್ಲದ ಲೆನ್ಸಿಗೆ. ಅಪರ್ಚರ್ ಎಂದರೆ ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇಂಥ ಲೆನ್ಸಿನ ಅಗತ್ಯ ದೇವರಾಜ ಮಾರುಕಟ್ಟೆಯೊಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಹೊರಗಿನ ಬಿಸಿಲಿನಿಂದ ಒಳಗಿನ ಇಕ್ಕಟ್ಟಾದ ಸಾಲುಗಳಿಗೆ ಬಂದಾಗ ಬೆಳಕು ಒಮ್ಮೆಲೇ ಇಳಿಯುತ್ತದೆ; ಹೂವಿನ ಮಾರುಗಳು, ಗೋಪುರದಂತೆ ಒತ್ತಿಟ್ಟ ಕುಂಕುಮದ ರಾಶಿಗಳು, ವೀಳ್ಯದೆಲೆ ಎಣಿಸುವ ಕೈಗಳು ಎಲ್ಲವೂ ಒಂದೆರಡು ಮೀಟರ್ ಅಂತರದಲ್ಲೇ ಇರುತ್ತವೆ, ಮತ್ತು ಆ ಕೈಗಳು ಒಂದು ಕ್ಷಣವೂ ನಿಲ್ಲುವುದಿಲ್ಲ. ಕಿಟ್ ಲೆನ್ಸನ್ನು 55ರವರೆಗೆ ಎಳೆದಾಗ ಅದರ ಅಪರ್ಚರ್ ಎಫ್/5.6ಕ್ಕೆ ಕುಗ್ಗುತ್ತದೆ. ಎಫ್/1.8 ಅದರ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತದೆಯಾದ್ದರಿಂದ, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಸೆಕೆಂಡಿನ ಎಂಟನೆಯ ಒಂದು ಭಾಗ ಬೇಕಾಗಿದ್ದ ಚಿತ್ರವನ್ನು ಎಂಬತ್ತನೆಯ ಒಂದು ಭಾಗದಲ್ಲಿ ತೆಗೆಯಬಹುದು. ಸ್ಥಿರೀಕರಣವು ನಿಮ್ಮ ಕೈಯ ನಡುಕವನ್ನು ಮಾತ್ರ ಸರಿದೂಗಿಸಬಲ್ಲದು. ಹೂ ಕಟ್ಟುವವರ ಬೆರಳಿನ ಚಲನೆಯನ್ನು ಅದು ನಿಲ್ಲಿಸಲಾರದು. ಅಂಗಡಿಯವರನ್ನು ಒಂದು ಮಾತು ಕೇಳಿಯೇ ಕ್ಯಾಮೆರಾ ಎತ್ತಬೇಕು, ಹಾಗಾಗಿ ಅವರೊಡನೆ ಮಾತನಾಡುವಷ್ಟು ಹತ್ತಿರದಿಂದಲೇ ಕೆಲಸ ಮಾಡುವ ಲೆನ್ಸ್ ಇಲ್ಲಿಗೆ ಹೆಚ್ಚು ಹೊಂದುತ್ತದೆ.

ಇಂಥ ಪ್ರೈಮ್‌ಗಳಲ್ಲಿ 50 ಮಿ.ಮೀ. ಎಲ್ಲಕ್ಕಿಂತ ಅಗ್ಗವೆಂದು ಅನೇಕರು ಅದನ್ನೇ ಕೊಳ್ಳುತ್ತಾರೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದು ಫುಲ್‌ಫ್ರೇಮಿನ (ಇನ್ನೂ ದೊಡ್ಡ ಸೆನ್ಸರಿನ ಕ್ಯಾಮೆರಾದ) 75ರಿಂದ 80 ಮಿ.ಮೀ.ನಷ್ಟು ಕಿರಿದಾದ ನೋಟವನ್ನು ಕೊಡುತ್ತದೆ. ಮುಖಚಿತ್ರಕ್ಕೆ ಸೊಗಸಾಗಿದ್ದರೂ ಮಾರುಕಟ್ಟೆಯ ಸಾಲಿನಲ್ಲಿ ಬೆನ್ನು ಹಿಂದಿನ ಅಂಗಡಿಗೆ ತಗಲುವವರೆಗೆ ಸರಿಯಬೇಕಾಗುತ್ತದೆ. ಆದ್ದರಿಂದ ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ಉತ್ತಮ ಆಯ್ಕೆ. ತೂಕ 200 ಗ್ರಾಂ, 30 ಸೆಂ.ಮೀ.ವರೆಗೆ ಹತ್ತಿರ ಹೋಗಬಹುದು. ಕ್ಯಾನನ್ ಡಿಎಸ್‌ಎಲ್‌ಆರ್‌ನವರಿಗೆ ಇಎಫ್-ಎಸ್ 24 ಮಿ.ಮೀ. ಎಫ್/2.8 ಇದೆ. ಅದು 125 ಗ್ರಾಂ ತೂಗುವ, ಎರಡೂಕಾಲು ಸೆಂಟಿಮೀಟರಿನಷ್ಟೇ ದಪ್ಪದ ಲೆನ್ಸ್; ಎಫ್/1.8ರಷ್ಟು ಬೆಳಕು ಬಿಡದಿದ್ದರೂ ಎಫ್/5.6ಕ್ಕಿಂತ ನಾಲ್ಕು ಪಟ್ಟು ಬಿಡುತ್ತದೆ. ಸೋನಿಯ ಇ-ಮೌಂಟ್ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಿಗೆ ಸಿಗ್ಮಾ 30 ಮಿ.ಮೀ. ಎಫ್/1.4 ದೊರೆಯುತ್ತದೆ. ಕೊಳ್ಳುವ ಮೊದಲು ಕಿಟ್ ಲೆನ್ಸಿನ ಜೂಮ್ ರಿಂಗನ್ನು 35ರಲ್ಲಿ ಅಂಟುಪಟ್ಟಿಯಿಂದ ಬಿಗಿದು ನಿಮ್ಮೂರಿನ ಸಂತೆಯಲ್ಲೊಮ್ಮೆ ಸುತ್ತಿ ಬನ್ನಿ. ಆ ನೋಟ ನಿಮಗೆ ಒಗ್ಗುತ್ತದೆಯೇ ಎಂಬುದು ಅಂಗಡಿಯಲ್ಲಿ ನಿಂತು ನೋಡಿದರೆ ತಿಳಿಯುವುದಿಲ್ಲ.

ಅರಮನೆಯ ದೀಪಾಲಂಕಾರವನ್ನು ಭಾನುವಾರ, ಸಾರ್ವಜನಿಕ ರಜೆಯ ದಿನ ಮತ್ತು ದಸರೆಯಲ್ಲಿ ನೋಡಬಹುದು. ಒಂದು ಲಕ್ಷದ ಹತ್ತಿರದಷ್ಟು ಬಲ್ಬುಗಳು ಬೆಳಗುವಾಗ ದೊಡ್ಡ ಅಪರ್ಚರಿನ ಲೆನ್ಸ್ ಅನಿವಾರ್ಯವೆಂದು ಅನಿಸಬಹುದು, ಆದರೆ ಕದಲದ ಕಟ್ಟಡಕ್ಕೆ ಸ್ಥಿರೀಕರಣವಿರುವ ಕಿಟ್ ಲೆನ್ಸ್ 18 ಮಿ.ಮೀ. ತುದಿಯಲ್ಲಿ ಸಾಕಾಗುತ್ತದೆ. ಅಲ್ಲಿ ಹೆಚ್ಚು ಕಾಡುವುದು ಲೆನ್ಸಿನ ಮುಂದೆ ಹಾಕಿಕೊಂಡ ಅಗ್ಗದ ಯುವಿ ಫಿಲ್ಟರ್. ಬಲ್ಬುಗಳ ಪ್ರತಿಬಿಂಬ ಅದರಲ್ಲಿ ಮರಳಿ ಮೂಡಿ ಆಕಾಶದ ಕತ್ತಲಲ್ಲಿ ಮಂಕಾದ ಚುಕ್ಕಿಗಳಾಗಿ ಕಾಣುತ್ತದೆಯಾದ್ದರಿಂದ ಆ ಹೊತ್ತಿಗೆ ಅದನ್ನು ಬಿಚ್ಚಿಡಿ.

ದೂರದ್ದನ್ನು ಹತ್ತಿರ ತೋರುವ ಟೆಲಿ ಲೆನ್ಸಿನ ವಿಷಯ ಇಷ್ಟೇ: ಮೃಗಾಲಯವೋ ಕಾರಂಜಿ ಕೆರೆಯ ಹಕ್ಕಿಗಳೋ ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ 55-250 ಅಥವಾ 70-300 ಮಿ.ಮೀ. ಲೆನ್ಸ್ ತನ್ನಿ, ಇಲ್ಲವಾದರೆ ಆ ಭಾರವನ್ನು ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಗತ್ಯವಿಲ್ಲ.

ಹಣ ಕೊಡುವ ಮೊದಲು ಲೆನ್ಸಿಗೂ ಕ್ಯಾಮೆರಾಕ್ಕೂ ಹೊಂದಿಕೆಯಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಿಕಾನಿನ ಹಳೆಯ 50 ಮಿ.ಮೀ. ಎಫ್/1.8ಡಿ ಬಹಳ ಅಗ್ಗವಾಗಿ ಸಿಗುತ್ತದೆ, ಆದರೆ ಫೋಕಸ್ ಮೋಟಾರ್ ಇಲ್ಲದ ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಅದು ತಾನಾಗಿ ಫೋಕಸ್ ಆಗುವುದಿಲ್ಲ. ಮೇಲೆ ಹೇಳಿದ ಎಎಫ್-ಪಿ ಲೆನ್ಸ್‌ಗಳು ಡಿ3100, ಡಿ5100ರಂತಹ ಹಳೆಯ ಕ್ಯಾಮೆರಾಗಳಿಗೆ ಹೊಂದುವುದಿಲ್ಲ. ಕ್ಯಾನನ್ನಿನ ಆರ್‌ಎಫ್ ಲೆನ್ಸ್‌ಗಳನ್ನು ಡಿಎಸ್‌ಎಲ್‌ಆರ್‌ಗೆ ಹಾಕಲಾಗದು. ಇಎಫ್ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹಾಕಬಹುದು.

ಬಳಸಿದ ಲೆನ್ಸ್ ಕೊಂಡರೆ ಗಣನೀಯವಾಗಿ ಉಳಿತಾಯವಾಗುತ್ತದೆ, ಆದರೆ ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿದ್ದ ಲೆನ್ಸ್‌ಗಳಲ್ಲಿ ಫಂಗಸ್ ಕಾಣಿಸಿಕೊಳ್ಳುವುದು ಸಾಮಾನ್ಯ. ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆಗಳಂತಹ ಕವಲುಗಳು ಅಥವಾ ಹಾಲಿನಂಥ ಮಬ್ಬು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನಿ. ಒಂದೆರಡು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ನಂತರ ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ, ಇಟ್ಟಿಗೆ ಗೋಡೆಯನ್ನೋ ಅಂಗಡಿಯ ನಾಮಫಲಕವನ್ನೋ ನೇರವಾಗಿ ಎದುರಿಸಿ ನಿಂತು, ಅತಿದೊಡ್ಡ ಅಪರ್ಚರಿನಲ್ಲಿ ಒಂದು ಚಿತ್ರವನ್ನೂ ಎಫ್/8ರಲ್ಲಿ ಇನ್ನೊಂದನ್ನೂ ತೆಗೆದು, ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ನಾಲ್ಕೂ ಮೂಲೆಗಳನ್ನು ಹೋಲಿಸಿ. ಎಫ್/8ರಲ್ಲಿಯೂ ಒಂದು ಬದಿ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಎಂದೋ ಕೆಳಗೆ ಬಿದ್ದು ಒಳಗಿನ ಗಾಜು ಜರುಗಿರುವ ಸಾಧ್ಯತೆ ಹೆಚ್ಚು. ಎಲ್ಲವೂ ಸರಿಯಿದ್ದು ಕೊಂಡಿರಾದರೆ, ಪ್ರವಾಸಕ್ಕೆ ಒಂದೆರಡು ವಾರ ಮೊದಲೇ ಬಳಸತೊಡಗಿ, ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ದೋಷವೇನಾದರೂ ಇದ್ದರೆ ಹೊರಬೀಳುವಂತೆ ನೋಡಿಕೊಳ್ಳಿ.